ರೋಡ್ ಟ್ಯಾಕ್ಸ್ ಕಟ್ಟಿದ್ದಾಯ್ತು, ಗುಂಡಿ ಮುಚ್ಚುವ ದುಡ್ಡೆಲ್ಲಿ?

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಒಬ್ಬರೇ ಕೂತು ಓಡಿಸುವ ಕಾರಿಗೆ ದಟ್ಟಣೆ ಶುಲ್ಕ ಹಾಕುವ ಪ್ರಸ್ತಾಪ 2025ರಲ್ಲಿ ಸುದ್ದಿಯಾದಾಗ ಎಲ್ಲ ಕಡೆಯಿಂದ ಎದ್ದ ಪ್ರಶ್ನೆ ಒಂದೇ: ರೋಡ್ ಟ್ಯಾಕ್ಸ್ ಕಟ್ಟಿದ್ದೇವಲ್ಲ, ಇನ್ನೇನು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಜಗಳದಲ್ಲಿ ಎರಡೂ ಕಡೆಯವರು ಮೂರು ಬೇರೆ ಬೇರೆ ಬಿಲ್ಲುಗಳನ್ನು ಒಂದೇ ಕಡತಕ್ಕೆ ತುರುಕುತ್ತಾರೆ. ರಸ್ತೆ ಹೊಸದಾಗಿ ಹಾಕುವುದು ಒಂದು ಖರ್ಚು. ಹಾಕಿದ್ದು ಹಾಳಾಗದಂತೆ ನೋಡಿಕೊಳ್ಳುವುದು ಇನ್ನೊಂದು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ರಸ್ತೆಗಿಳಿದು ಒಬ್ಬರ ಹೊತ್ತನ್ನು ಇನ್ನೊಬ್ಬರು ತಿನ್ನುವುದು ಮೂರನೆಯದು. ಇದು ಯಾವ ಗುತ್ತಿಗೆದಾರನ ಬಿಲ್ಲಿನಲ್ಲೂ ಕಾಣದ ನಷ್ಟ. ಮೂರಕ್ಕೂ ಹಣ ಕೊಡಬೇಕಾದವರು ಬೇರೆ, ವಸೂಲಿಯ ದಾರಿಯೂ ಬೇರೆ. ದಟ್ಟಣೆ ಶುಲ್ಕದಿಂದ ಗುಂಡಿ ಮುಚ್ಚುತ್ತೇವೆ ಎನ್ನುವವರನ್ನೂ, ಗುಂಡಿ ಇರುವ ತನಕ ದಟ್ಟಣೆ ಶುಲ್ಕದ ಮಾತೇ ಬೇಡ ಎನ್ನುವವರನ್ನೂ ಈ ಬೇರ್ಪಡಿಸಿದ ಲೆಕ್ಕದಲ್ಲೇ ಪರೀಕ್ಷಿಸಬೇಕು.

ಮೊದಲು ಎಷ್ಟು ಕಟ್ಟುತ್ತಿದ್ದೇವೆ ನೋಡೋಣ. ಶೋರೂಮ್ ಬೆಲೆ 9 ಲಕ್ಷ ರೂಪಾಯಿಯ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳಿ. ಕರ್ನಾಟಕದಲ್ಲಿ 5 ಲಕ್ಷ ದಾಟಿದ, 10 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 14. ಆ ತೆರಿಗೆಯ ಮೇಲೆ ಶೇ 11 ಉಪಕರ. ಅಂದರೆ 1,26,000 ಮತ್ತು 13,860, ಒಟ್ಟು 1,39,860 ರೂಪಾಯಿ. 15 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 9,300. ಕಾರು ವರ್ಷಕ್ಕೆ 12,000 ಕಿ.ಮೀ. ಓಡಿ, ಲೀಟರಿಗೆ 15 ಕಿ.ಮೀ. ಕೊಟ್ಟರೆ 800 ಲೀಟರ್ ಪೆಟ್ರೋಲ್ ಬೇಕು. 2025ರ ಏಪ್ರಿಲ್ ಏರಿಕೆಯ ನಂತರದ ದರದಲ್ಲಿ ಕೇಂದ್ರದ ಸುಂಕ ಲೀಟರಿಗೆ 21.90 ರೂಪಾಯಿ, ವರ್ಷಕ್ಕೆ 17,520. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿತು. ಬಂಕಿನಲ್ಲಿ ಲೀಟರಿಗೆ 103 ರೂಪಾಯಿ ಆಸುಪಾಸು ಇರುವಾಗ ಅದರಲ್ಲಿ ಈ ತೆರಿಗೆಯೇ 23 ರೂಪಾಯಿ ಮೀರುತ್ತದೆ; ವರ್ಷಕ್ಕೆ 18,500ರ ಹತ್ತಿರ. ಎಲ್ಲ ಕೂಡಿಸಿದರೆ 45,000 ರೂಪಾಯಿ, ಕಿಲೋಮೀಟರಿಗೆ ಮೂರೂಮುಕ್ಕಾಲು. ಟೋಲ್ ಇದರ ಮೇಲೆ.

ಈ ಮೂರರಲ್ಲಿ ಜನ ರೋಡ್ ಟ್ಯಾಕ್ಸ್ ಎಂದು ಕರೆಯುವುದು ಜೀವಾವಧಿ ತೆರಿಗೆಯನ್ನು. ರಸ್ತೆಗೂ ಅದಕ್ಕೂ ಇರುವ ನಂಟು ಅತಿ ತೆಳುವಾದದ್ದು. ತಿಂಗಳಿಗೆ ಎರಡು ಸಲ ಹೊರಗೆ ತೆಗೆಯುವ ಕಾರಿಗೂ, ದಿನಾ ಜಯನಗರದಿಂದ ವೈಟ್‌ಫೀಲ್ಡ್‌ಗೆ ಓಡುವ ಕಾರಿಗೂ ಬೆಲೆ ಒಂದೇ ಆಗಿದ್ದರೆ ತೆರಿಗೆಯೂ ಒಂದೇ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಅಡಿಯಲ್ಲಿ ಆರ್‌ಟಿಒ ವಸೂಲು ಮಾಡುವ ಈ ಹಣ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಅಲ್ಲಿ ಸೇರಿದ ಮೇಲೆ ಅದು ರಸ್ತೆಯ ದುಡ್ಡೂ ಅಲ್ಲ, ಆಸ್ಪತ್ರೆಯ ದುಡ್ಡೂ ಅಲ್ಲ. ಬಜೆಟ್ ಹೇಳಿದ ಕಡೆ ಹೋಗುತ್ತದೆ. ತೆರಿಗೆಗೂ ಶುಲ್ಕಕ್ಕೂ ಕಾನೂನಿನಲ್ಲಿರುವ ವ್ಯತ್ಯಾಸವೇ ಇದು. ಶುಲ್ಕ ಪಡೆದವರು ಸೇವೆ ತೋರಿಸಬೇಕು. ತೆರಿಗೆ ಪಡೆದವರು ತೋರಿಸಬೇಕಾಗಿಲ್ಲ. ನಿಮ್ಮ ಮನೆ ಮುಂದಿನ ರಸ್ತೆ ಪಾಲಿಕೆಯದು. ಜೀವಾವಧಿ ತೆರಿಗೆ ಪಾಲಿಕೆಯ ಖಾತೆಗೆ ನೇರವಾಗಿ ಬರುವುದಿಲ್ಲ. ಪಾಲಿಕೆಯ ಕೈಗೆ ನೇರ ಸಿಗುವುದು ಆಸ್ತಿ ತೆರಿಗೆ ಮತ್ತು ಅದರ ಜೊತೆಗಿನ ಉಪಕರಗಳು; ಶೇ 2ರ ನಗರ ಭೂ ಸಾರಿಗೆ ಉಪಕರವೂ ಅದರಲ್ಲಿ ಒಂದು. ಹಳೆಯ ರಸೀದಿ ಇದ್ದರೆ ತೆಗೆದು ನೋಡಿ.

ಇಂಧನದ ಸುಂಕದಲ್ಲಿ ಮಾತ್ರ ರಸ್ತೆಯ ಹೆಸರು ಹೊತ್ತ ಒಂದು ಪಾಲಿದೆ. ಅದರ ಕಥೆ ಹಳೆಯದು. ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ 1927-28ರಲ್ಲಿ ದೇಶದ ರಸ್ತೆಗಳನ್ನು ಪರಿಶೀಲಿಸಿ, ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿ ಅದನ್ನು ರಸ್ತೆಗೇ ಮೀಸಲಿಡಿ ಎಂದಿತು. 1929ರಲ್ಲಿ ಗ್ಯಾಲನ್ನಿಗೆ ಎರಡಾಣೆಯಂತೆ ಕೇಂದ್ರ ರಸ್ತೆ ನಿಧಿ ಹುಟ್ಟಿತು. 2000ದ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. 2018ರಲ್ಲಿ ಹೆಸರಿಗೆ ‘ಮತ್ತು ಮೂಲಸೌಕರ್ಯ’ ಎಂಬ ಎರಡು ಪದ ಸೇರಿದವು. ಜೊತೆಗೆ ರೈಲು, ಜಲಮಾರ್ಗ, ವಿದ್ಯುತ್, ಕುಡಿಯುವ ನೀರಿನಂಥ ಬಾಬತ್ತುಗಳಿಗೂ ನಿಧಿಯ ಬಾಗಿಲು ತೆರೆಯಿತು. ಆ ವರ್ಷ ಲೀಟರಿಗೆ 8 ರೂಪಾಯಿ ಇದ್ದ ಈ ಉಪಕರ 2020ರ ಮೇ ಹೊತ್ತಿಗೆ 18ಕ್ಕೆ ಏರಿತ್ತು. 2022ರ ಮೇ ಕಡಿತದ ನಂತರ ಪೆಟ್ರೋಲಿಗೆ 5, ಡೀಸೆಲ್‌ಗೆ 2 ರೂಪಾಯಿಗೆ ಇಳಿಯಿತು. ಮೇಲಿನ ಲೆಕ್ಕದ 21.90ರಲ್ಲಿ ರಸ್ತೆಯ ಹೆಸರಿನದು ಈ 5 ರೂಪಾಯಿ ಮಾತ್ರ. ಉಪಕರವನ್ನು ಕೇಂದ್ರ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ. ಹಂಚಿಕೆಗೆ ಸಿಗುವ ಮೂಲ ಅಬಕಾರಿ ಸುಂಕ 1.40 ರೂಪಾಯಿ. ರಾಜ್ಯ ತನ್ನ ಮಾರಾಟ ತೆರಿಗೆಯನ್ನು ಪದೇ ಪದೇ ಏರಿಸುವುದಕ್ಕೆ ಇದೂ ಒಂದು ಕಾರಣ, ನೆಪವೂ ಹೌದು.

ದುಡ್ಡು ಬರುತ್ತಿದೆ, ಬೇಕಾದಷ್ಟೇ ಬರುತ್ತಿದೆ. ನಿರ್ವಹಣೆಗೆ ಯಾಕೆ ತಲುಪುವುದಿಲ್ಲ? ಉತ್ತರ ಬಜೆಟ್ ಪುಸ್ತಕದ ಎರಡು ಸಂಖ್ಯೆಗಳಲ್ಲಿದೆ: 3054 ಮತ್ತು 5054. ‘ರಸ್ತೆಗಳು ಮತ್ತು ಸೇತುವೆಗಳು’ ಎಂಬ ಬಾಬತ್ತಿಗೆ ರಾಜಸ್ವ ವೆಚ್ಚದ, ಅಂದರೆ ದಿನನಿತ್ಯದ ಖರ್ಚಿನ ಲೆಕ್ಕ ಶೀರ್ಷಿಕೆ 3054; ಬಂಡವಾಳ ವೆಚ್ಚದ್ದು, ಅಂದರೆ ಹೊಸದಾಗಿ ಕಟ್ಟುವ ಖರ್ಚಿನದು 5054. ಹೊಸ ರಸ್ತೆ, ಅಗಲೀಕರಣ, ಮೇಲ್ಸೇತುವೆ ಎಲ್ಲ 5054ರಲ್ಲಿ. ಗುಂಡಿ ಮುಚ್ಚುವುದು, ಚರಂಡಿ ಬಿಡಿಸುವುದು, ಬಿರುಕಿಗೆ ಡಾಂಬರು ಹುಯ್ಯುವುದು 3054ರಲ್ಲಿ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ರಾಜಸ್ವ ಕೊರತೆ ಇರಬಾರದು ಎನ್ನುತ್ತದೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಎಲ್ಲವೂ ಅದೇ ರಾಜಸ್ವ ವೆಚ್ಚ. ಅವುಗಳನ್ನು ಮುಟ್ಟುವಂತಿಲ್ಲ. ಕತ್ತರಿ ಆಡುವುದು ಬಾಯಿಲ್ಲದ ಬಾಬತ್ತಿನ ಮೇಲೆ, ಅಂದರೆ ನಿರ್ವಹಣೆಯ ಮೇಲೆ. ಹೊಸ ಮೇಲ್ಸೇತುವೆಗೆ ಸಾಲ ತರಬಹುದು, ಕೇಂದ್ರದಿಂದ 50 ವರ್ಷದ ಬಡ್ಡಿರಹಿತ ಸಾಲವೂ ಸಿಗುತ್ತದೆ. ಆ ಸಾಲ ಬಂಡವಾಳ ಕಾಮಗಾರಿಗೆ ಮಾತ್ರ. ಗುಂಡಿ ಮುಚ್ಚಲು ಯಾರೂ ಸಾಲ ಕೊಡುವುದಿಲ್ಲ. ರಸ್ತೆ ಪೂರ್ತಿ ಹಾಳಾಗುವ ತನಕ ಕಾದು ‘ಪುನರ್ ನಿರ್ಮಾಣ’ದ ಟೆಂಡರ್ ಕರೆಯುವುದು ಲೆಕ್ಕದ ದೃಷ್ಟಿಯಿಂದ ಜಾಣತನವೆನಿಸುವುದು ಹೀಗೆ. ಉದ್ಘಾಟನೆಯ ಕಲ್ಲೂ ಹೊಸ ಕಾಮಗಾರಿಗೇ.

ಹಾಳಾಗಲು ಬಿಟ್ಟರೆ ಎಷ್ಟು ತುಟ್ಟಿಯಾಗುತ್ತದೆ ಎಂದು ತಿಳಿಯಲು ಒಂದು ಕಿಲೋಮೀಟರ್ ದ್ವಿಪಥ ರಸ್ತೆ ಸಾಕು. 7 ಮೀಟರ್ ಅಗಲ, ಮೇಲ್ಪದರ 40 ಮಿ.ಮೀ. ದಪ್ಪದ ಬಿಟುಮಿನ್ ಕಾಂಕ್ರೀಟ್. 280 ಘನ ಮೀಟರ್, ತೂಕದಲ್ಲಿ ಸುಮಾರು 670 ಟನ್ ಮಿಶ್ರಣ. ಅದರಲ್ಲಿ ಶೇ 5.4ರಂತೆ 36 ಟನ್ ಡಾಂಬರು, ಉಳಿದದ್ದು ಜಲ್ಲಿ, ಪುಡಿ. ಈ ಪದರ ಬಿರುಕು ಬಿಟ್ಟಾಗಲೇ ಮುಚ್ಚಿದರೆ ಖರ್ಚು ಅಷ್ಟಕ್ಕೇ ನಿಲ್ಲುತ್ತದೆ. ಬಿಟ್ಟರೆ ಒಂದೇ ಮಳೆಗಾಲದಲ್ಲಿ ನೀರು ಬಿರುಕಿನಿಂದ ಇಳಿದು ಕೆಳಗಿನ ಜಲ್ಲಿ ಪದರ ಸೇರುತ್ತದೆ. ನೀರು ಕುಡಿದ ಜಲ್ಲಿ ಪದರಕ್ಕೆ ಹೊರೆ ತಡೆಯುವ ಶಕ್ತಿ ಇಲ್ಲ. ಲಾರಿಯ ಚಕ್ರ ಹತ್ತಿದಾಗ ಕೆಸರು ಬಿರುಕಿನಿಂದ ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮಿದಷ್ಟೂ ಒಳಗೆ ಟೊಳ್ಳು. ಆಮೇಲೆ ಮೇಲ್ಪದರ ಕುಸಿದು ಗುಂಡಿ. ಆಗ 40 ಮಿ.ಮೀ. ಅಲ್ಲ, ಅದರಡಿಯ ಡಾಂಬರು ಪದರ, ಜಲ್ಲಿ ಪದರ ಸೇರಿ ಅರ್ಧ ಮೀಟರಿನಷ್ಟು ಆಳ ಅಗೆದು ಹೊಸದಾಗಿ ಕಟ್ಟಬೇಕು.

ಗುಂಡಿ ಮುಚ್ಚುವುದನ್ನು ನೋಡಿದವರಿಗೆ ಇನ್ನೊಂದು ಗೊತ್ತು: ಮುಚ್ಚಿದ್ದು ಹದಿನೈದು ದಿನಕ್ಕೆ ಮತ್ತೆ ಬಾಯಿ ಬಿಡುತ್ತದೆ. ಕ್ರಮ ಕಷ್ಟದ್ದೇನಲ್ಲ. ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವ ತನಕ ಆಯತಾಕಾರದಲ್ಲಿ ಕತ್ತರಿಸಬೇಕು, ಅಂಚು ನೇರ ಕೆಳಕ್ಕೆ ಇಳಿದಿರಬೇಕು. ಒಳಗಿನ ನೀರು, ಮಣ್ಣು, ಸಡಿಲ ಜಲ್ಲಿ ತೆಗೆದು ಒಣಗಿಸಬೇಕು. ತಳಕ್ಕೂ ಅಂಚಿಗೂ ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು) ಬಳಿದು, ಅದು ಕಂದು ಬಣ್ಣದಿಂದ ಕಪ್ಪಿಗೆ ತಿರುಗುವ ತನಕ ಕಾಯಬೇಕು. ಆಮೇಲೆ ಬಿಸಿ ಮಿಶ್ರಣ ಸುರಿದು, ಅಂಚಿನಿಂದ ನಡುವಿಗೆ ರೋಲರ್ ಓಡಿಸಬೇಕು. ವಿಜಿ-30 ದರ್ಜೆಯ ಡಾಂಬರಾದರೆ ಹಾಸುವಾಗ ಮಿಶ್ರಣ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಇರಬೇಕು, 90 ಡಿಗ್ರಿಗೆ ಇಳಿಯುವುದರೊಳಗೆ ರೋಲಿಂಗ್ ಮುಗಿಯಬೇಕು ಎಂದು ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯೇ ಹೇಳುತ್ತದೆ. ನಡೆಯುವುದು ಹೀಗೆ: ಪ್ಲಾಂಟ್‌ನಿಂದ ಬೆಳಿಗ್ಗೆ ಹೊರಟ ಟಿಪ್ಪರ್ ಅದೇ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು, ಹತ್ತು ಗುಂಡಿ ಸುತ್ತಿ, ಕೊನೆಯದಕ್ಕೆ ಬರುವಾಗ ಮಿಶ್ರಣ ಆರಿ ಉಂಡೆಗಟ್ಟಿರುತ್ತದೆ. ಅದನ್ನು ನೀರು ನಿಂತ ಗುಂಡಿಗೆ ಸಲಿಕೆಯಿಂದ ಎಸೆದು ಹಿಂಬದಿಯಿಂದ ತಟ್ಟುತ್ತಾರೆ. ಅಂಟಿಕೊಳ್ಳಲು ಅದಕ್ಕೆ ಯಾವ ಕಾರಣವೂ ಇಲ್ಲ.

ನಗರದಲ್ಲಿ ಇದರ ಜೊತೆಗೆ ಅಗೆತ. ಜಲಮಂಡಳಿ, ಬೆಸ್ಕಾಂ, ಗ್ಯಾಸ್ ಪೈಪು, ಇಂಟರ್‌ನೆಟ್ ಕೇಬಲ್ ಹೀಗೆ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಪುನಶ್ಚೇತನ ಶುಲ್ಕ ಚದರ ಮೀಟರಿನ ಲೆಕ್ಕದಲ್ಲಿ ಪಾವತಿಯಾಗಿರುತ್ತದೆ. ಪೈಪಿಗಾಗಿ ಅಗೆದ ಕಾಲುವೆ ತುಂಬುವಾಗ 150-200 ಮಿ.ಮೀ. ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡುವ ಬದಲು ಜೆಸಿಬಿಯಿಂದ ಒಂದೇ ಸಲ ಮಣ್ಣು ದೂಡಿ ಮೇಲೆ ಡಾಂಬರು ಸಾರಿಸಿದರೆ, ಮೊದಲ ಮಳೆಗೆ ಉದ್ದಕ್ಕೂ ಜಗ್ಗುತ್ತದೆ. ಇದಕ್ಕೆ ಹೊಸ ತೆರಿಗೆಯಲ್ಲ, ತುಂಬುವ ದಿನ ಸ್ಥಳದಲ್ಲಿ ನಿಂತು ಅಳೆಯುವ ಎಂಜಿನಿಯರ್ ಬೇಕು. ಬಿಲ್ಲು ವರ್ಷಗಟ್ಟಲೆ ಬಾಕಿ ಉಳಿಯುತ್ತದೆ ಎಂದು ಗೊತ್ತಿರುವ ಗುತ್ತಿಗೆದಾರ ಅದರ ಬಡ್ಡಿಯನ್ನು ಟೆಂಡರ್ ದರದಲ್ಲಿ ಸೇರಿಸುತ್ತಾನೆ, ಇಲ್ಲವೇ ಡಾಂಬರಿನಲ್ಲಿ ಉಳಿಸುತ್ತಾನೆ. ಶೇ 5.4ರ ಬದಲು ಶೇ 4.5 ಹಾಕಿದ ರಸ್ತೆ ಹೊಸದರಲ್ಲಿ ಕಣ್ಣಿಗೆ ಒಂದೇ ತರಹ ಕಾಣುತ್ತದೆ.

ಇನ್ನು ರಸ್ತೆ ಸವೆಸುವವರು ಯಾರು ಎಂಬ ಮಾತು. ಕಾರಿನವರು ಕೇಳಲು ಇಷ್ಟಪಡುವ, ಲಾರಿ ಮಾಲೀಕರು ಕೇಳಿಸಿಕೊಳ್ಳದ ಸಂಗತಿ ಇದು. ಅಮೆರಿಕದ ಇಲಿನಾಯ್‌ ರಾಜ್ಯದ ಒಟ್ಟಾವ ಬಳಿ 1958ರಿಂದ 1960ರವರೆಗೆ ಪರೀಕ್ಷಾ ರಸ್ತೆಗಳ ಮೇಲೆ ಲಾರಿ ಓಡಿಸಿ ಕಂಡುಕೊಂಡದ್ದು: ಹಾನಿ ಆಕ್ಸಲ್ (ಎರಡು ಬದಿಯ ಚಕ್ರ ಜೋಡಿಸುವ ಅಚ್ಚು) ಹೊರೆಯ ಸುಮಾರು ನಾಲ್ಕನೇ ಘಾತದ ಪ್ರಮಾಣದಲ್ಲಿ ಏರುತ್ತದೆ. ಹೊರೆ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಭಾರತದ ರಸ್ತೆ ವಿನ್ಯಾಸವೂ ಇದೇ ಲೆಕ್ಕದ ಮೇಲೆ ನಿಂತಿದೆ. 1.2 ಟನ್‌ನ ಕಾರಿನ ಒಂದು ಆಕ್ಸಲ್ ಮೇಲೆ 0.6 ಟನ್, ಪೂರ್ತಿ ಹೊರೆ ಹೊತ್ತ ಲಾರಿಯ ಹಿಂಬದಿ ಆಕ್ಸಲ್ ಮೇಲೆ ಹತ್ತು ಟನ್‌ಗೂ ಹೆಚ್ಚು. ಅಂಥ ಒಂದು ಲಾರಿ ಮಾಡುವ ಹಾನಿಗೆ ಹತ್ತಾರು ಸಾವಿರ ಕಾರು ಓಡಬೇಕು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಹೊರೆಯಲ್ಲಿ ಶೇ 13ರಷ್ಟು ಹೆಚ್ಚಳ, ಹಾನಿಯಲ್ಲಿ ಶೇ 60ರ ಹತ್ತಿರ. ಸರಕು ಸಾಗಣೆಯ ವೆಚ್ಚ ಇಳಿಯಿತು, ರಸ್ತೆಯ ವೆಚ್ಚ ಏರಿತು. ಆದರೆ ಎರಡನೆಯದರ ಬಿಲ್ಲು ಲೋಕೋಪಯೋಗಿ ಇಲಾಖೆಗೆ. ಮಿತಿಗಿಂತ ಒಂದೂವರೆ ಪಟ್ಟು ಎಂ-ಸ್ಯಾಂಡ್ ತುಂಬಿದ ಟಿಪ್ಪರ್ ಐದು ಟಿಪ್ಪರ್‌ನ ಹಾನಿ ಮಾಡುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಹೊರೆಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ಹೆಚ್ಚುವರಿ ಸರಕು ಇಳಿಸಿಯೇ ಬಿಡಬೇಕು. ಕ್ವಾರಿ ಇರುವ ತಾಲ್ಲೂಕುಗಳ ರಸ್ತೆ ನೋಡಿದರೆ ಇದು ಎಷ್ಟು ಜಾರಿಯಾಗಿದೆ ಎಂದು ತಿಳಿಯುತ್ತದೆ.

ಆದ್ದರಿಂದ ನಿರ್ವಹಣೆಯ ಬಿಲ್ಲು ನ್ಯಾಯವಾಗಿ ಹೋಗಬೇಕಾದ್ದು ಓಡಿದ ದೂರ ಮತ್ತು ಹೊರೆ ಎರಡನ್ನೂ ನೋಡಿ. ನ್ಯೂಜಿಲೆಂಡ್ 1978ರಿಂದ ಡೀಸೆಲ್ ವಾಹನಗಳಿಗೆ ಇದನ್ನೇ ಮಾಡುತ್ತಿದೆ. ಸಾವಿರ ಕಿಲೋಮೀಟರಿನ ಲೆಕ್ಕದಲ್ಲಿ ಮುಂಗಡ ಪರವಾನಗಿ ಕೊಳ್ಳಬೇಕು, ತೂಕ ಹೆಚ್ಚಿದಂತೆ ದರ ಹೆಚ್ಚು. 2024ರ ಏಪ್ರಿಲ್‌ನಿಂದ ವಿದ್ಯುತ್ ಕಾರುಗಳನ್ನೂ ಸೇರಿಸಿ, ಸಾವಿರ ಕಿ.ಮೀ.ಗೆ 76 ಡಾಲರ್ ನಿಗದಿ ಮಾಡಿತು. ನಮ್ಮಲ್ಲಿ ಇಂಧನ ತೆರಿಗೆ ಈ ಕೆಲಸವನ್ನು ಒರಟಾಗಿ ಮಾಡುತ್ತದೆ: ಹೆಚ್ಚು ಓಡಿದವರು ಹೆಚ್ಚು ಕಟ್ಟುತ್ತಾರೆ, ಲಾರಿ ಹೆಚ್ಚು ಕುಡಿಯುತ್ತದೆ. ವಿದ್ಯುತ್ ವಾಹನ ಬಂದಂತೆ ಆ ನಂಟೂ ಕಳಚುತ್ತದೆ. ಕರ್ನಾಟಕ 2024ರಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಶೇ 10 ಜೀವಾವಧಿ ತೆರಿಗೆ ಹಾಕಿದ್ದು ಇದರ ಮೊದಲ ಸುಳಿವು. ಆದರೆ ಅದೂ ಬೆಲೆಯ ಮೇಲಿನ ತೆರಿಗೆ, ಓಡಾಟದ ಮೇಲಿನದ್ದಲ್ಲ.

ಟೋಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಮುಖ್ಯವಾಗಿ ಕಟ್ಟಿದ ಖರ್ಚಿನ ವಸೂಲಿ, ಒಪ್ಪಂದದ ಪ್ರಕಾರ ನಿರ್ವಹಣೆಯೂ ಸೇರಿದೆ. ಆ ಒಪ್ಪಂದವೇ ಬಳಕೆದಾರನ ಕೈಯಲ್ಲಿರುವ ಹಿಡಿ. ಕೇರಳದ ಪಾಲಿಯೇಕ್ಕರ ಟೋಲ್ ವಸೂಲಿಯನ್ನು, ಎಡಪ್ಪಳ್ಳಿ–ಮಣ್ಣುತ್ತಿ ರಸ್ತೆಯ ದುಃಸ್ಥಿತಿಯ ಕಾರಣಕ್ಕೆ 2025ರ ಆಗಸ್ಟ್‌ನಲ್ಲಿ ಹೈಕೋರ್ಟ್ ತಡೆಹಿಡಿದಾಗ ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಕೈ ಹಾಕಲಿಲ್ಲ. ಜೀವಾವಧಿ ತೆರಿಗೆ ಕಟ್ಟಿದವರು ಇಂಥ ದಾವೆ ಹೂಡಿ ಗೆಲ್ಲಲಾರರು. ದಟ್ಟಣೆ ಶುಲ್ಕ ಬರುವುದಾದರೆ ಅದು ತೆರಿಗೆಯ ವೇಷದಲ್ಲಿ ಬರುತ್ತದೋ, ಶುಲ್ಕದ ವೇಷದಲ್ಲೋ ಎಂದು ನೋಡಬೇಕಾದ್ದು ಇದಕ್ಕೇ.

ಈಗ ದಟ್ಟಣೆ ಶುಲ್ಕ. ಇದರ ಉದ್ದೇಶ ಹಣ ಕೂಡಿಸುವುದಲ್ಲ, ಆ ಹೊತ್ತಿನಲ್ಲಿ ಬರದಿದ್ದರೂ ನಡೆಯುವ ಕೆಲವರನ್ನು ಬೇರೆ ಹೊತ್ತಿಗೋ ಬಸ್ಸಿಗೋ ಸರಿಸುವುದು. ಶುಲ್ಕ ಚೆನ್ನಾಗಿ ಕೆಲಸ ಮಾಡಿದಷ್ಟೂ ವಸೂಲಿ ಕಡಿಮೆ. ಹಾಗಾಗಿ ಇದನ್ನು ಗುಂಡಿಯ ನಿಧಿಯಾಗಿ ನೆಚ್ಚಿಕೊಂಡ ಸರ್ಕಾರಕ್ಕೆ ದಟ್ಟಣೆ ಇಳಿಯುವುದೇ ಬೇಡವಾಗುತ್ತದೆ. ಸಿಂಗಪುರ 1975ರಲ್ಲಿ ಕಾಗದದ ಪರವಾನಗಿಯಿಂದ ಆರಂಭಿಸಿ 1998ರಲ್ಲಿ ಎಲೆಕ್ಟ್ರಾನಿಕ್ ವಸೂಲಿಗೆ ಹೊರಳಿತು. ಲಂಡನ್ 2003ರಲ್ಲಿ ದಿನಕ್ಕೆ 5 ಪೌಂಡ್‌ನಿಂದ ಶುರುಮಾಡಿತು. ನಿವ್ವಳ ಆದಾಯ ಸಾರಿಗೆಗೇ ಹೋಗಬೇಕು ಎಂದು ಅಲ್ಲಿ ಕಾನೂನಿದೆ. ನ್ಯೂಯಾರ್ಕ್ 2025ರ ಜನವರಿಯಿಂದ ಮ್ಯಾನ್‌ಹಟನ್‌ನ 60ನೇ ಬೀದಿಯ ದಕ್ಷಿಣಕ್ಕೆ ಬರುವ ಕಾರಿಗೆ ದಿನದ ಹೊತ್ತು 9 ಡಾಲರ್ ಹಾಕಿತು. ಆ ವಸೂಲಿಯ ಬಲದ ಮೇಲೆ ಸಾರ್ವಜನಿಕ ಸಾರಿಗೆಗೆ 1,500 ಕೋಟಿ ಡಾಲರ್ ಎತ್ತುವ ಯೋಜನೆ.

ಇವೆಲ್ಲ ಒಂದು ವಲಯದ ಸುತ್ತ ಗೆರೆ ಎಳೆದು, ದಾಟಿದವರಿಂದ ಪಡೆಯುವ ಶುಲ್ಕಗಳು. ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಸುಮಾರು 17 ಕಿ.ಮೀ. ಒಂದು ವಲಯವಲ್ಲ, ಒಂದು ಉದ್ದನೆಯ ಪಟ್ಟಿ. ಪಟ್ಟಿಗೆ ದರ ಹಾಕಿದರೆ ವಾಹನ ಪಕ್ಕಕ್ಕೆ ಸರಿಯುತ್ತದೆ: ಬೆಳ್ಳಂದೂರು, ಪಾಣತ್ತೂರಿನ ಒಳರಸ್ತೆಗಳಿಗೆ. ಅವು ಈಗಲೇ ಎರಡು ಕಾರು ಎದುರಾದರೆ ನಿಲ್ಲುವಂಥವು. ಎರಡನೆಯ ತೊಡಕು, ವಸೂಲಿಗೆ ಬಳಸಬೇಕಾಗುವ ಫಾಸ್ಟ್ಯಾಗ್. ಗಾಜಿನ ಮೇಲಿನ ಚೀಟಿ ವಾಹನ ಯಾವುದು ಎಂದು ಹೇಳುತ್ತದೆ, ಒಳಗೆ ಎಷ್ಟು ಜನ ಎಂದು ಹೇಳುವುದಿಲ್ಲ. ಅದಕ್ಕೆ ಕ್ಯಾಮೆರಾ ಬೇಕು. ಹಿಂದಿನ ಸೀಟಿನಲ್ಲಿ ಮಲಗಿದ ಮಗು, ಬಣ್ಣದ ಗಾಜು, ಮಳೆ ಎಲ್ಲವೂ ತಕರಾರಿನ ಅರ್ಜಿಗಳಾಗಿ ಬರುತ್ತವೆ. ದ್ವಿಚಕ್ರ ವಾಹನಕ್ಕೆ ಫಾಸ್ಟ್ಯಾಗ್ ಇಲ್ಲವೇ ಇಲ್ಲ, ನಗರದಲ್ಲಿ ಹೆಚ್ಚಿನ ವಾಹನಗಳು ಅವೇ. ಕಾರಿನಿಂದ ಬೈಕಿಗೆ ಜನ ಸರಿದರೆ ಜಾಗ ಉಳಿಯುತ್ತದೆ, ಅಪಘಾತ ಹೆಚ್ಚುತ್ತದೆ. ಒಂಟಿ ಸವಾರನ ಹುಡುಕಾಟ ಬಿಟ್ಟು, ಹೊತ್ತಿನ ಮೇಲೆ ಎಲ್ಲ ಕಾರಿಗೂ ಒಂದೇ ದರ ಹಾಕುವುದು ಜಾರಿಗೆ ಸುಲಭ; ಕಾರಿನಲ್ಲಿ ನಾಲ್ವರಿದ್ದರೆ ದರ ನಾಲ್ಕು ಪಾಲಾಗುತ್ತದೆ, ಅದಕ್ಕೆ ಕ್ಯಾಮೆರಾ ಬೇಡ.

ಕಾರಿನ ಬದಲು ಕಚೇರಿಯಿಂದ ವಸೂಲು ಮಾಡಿ ಎನ್ನುವವರೂ ಇದ್ದಾರೆ. ಫ್ರಾನ್ಸ್ 1971ರಲ್ಲಿ ಪ್ಯಾರಿಸ್ ವಲಯದಲ್ಲಿ ಆರಂಭಿಸಿದ್ದು ಇದನ್ನೇ: ಈಗಿನ ನಿಯಮದಂತೆ 11 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಸಂಬಳದ ಮೊತ್ತದ ಮೇಲೆ ಸಾರಿಗೆ ತೆರಿಗೆ ಕಟ್ಟಬೇಕು. 2024ರಲ್ಲಿ ಪ್ಯಾರಿಸ್ ನಗರದಲ್ಲಿ ಅದು ಶೇ 3.2ಕ್ಕೆ ಏರಿತು, ಹಣ ಮೆಟ್ರೋ-ಬಸ್ಸಿಗೆ. ನ್ಯೂಯಾರ್ಕ್ ನಗರದ ಹೊರಗಿನಿಂದ ಕೆಲಸಕ್ಕೆ ಬರುವವರ ಸಂಬಳದ ಮೇಲೆ ಶೇ 0.45 ತೆರಿಗೆ ಇತ್ತು. ಹೊರವಲಯದ ಮತದಾರರ ಓಲೈಕೆಗೆ 1999ರಲ್ಲಿ ರಾಜ್ಯ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ವೃತ್ತಿ ತೆರಿಗೆ. ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳದವರಿಂದ 200 ರೂಪಾಯಿ, 2025ರ ತಿದ್ದುಪಡಿಯಿಂದ ಫೆಬ್ರುವರಿಗೆ 300; ವರ್ಷಕ್ಕೆ 2,500. ಇನ್ನು ಒಂದು ರೂಪಾಯಿಯನ್ನೂ ಏರಿಸುವಂತಿಲ್ಲ, ಸಂವಿಧಾನದ 276ನೇ ವಿಧಿಯ ಮಿತಿಯೇ ಅಷ್ಟು, 1988ರಿಂದ ಹಾಗೇ ಇದೆ. 25,000 ಸಂಬಳದವರೂ 5 ಲಕ್ಷದವರೂ ಕಟ್ಟುವುದು ಒಂದೇ. ಫ್ರಾನ್ಸಿನ ದಾರಿ ಹಿಡಿಯಬೇಕಾದರೆ ಸಂಸತ್ತಿನಲ್ಲಿ ತಿದ್ದುಪಡಿ ಬೇಕು. ವಿಧಾನಸೌಧದ ಕೈಯಲ್ಲಿರುವುದು ರಾಜ್ಯಪಟ್ಟಿಯ 57ನೇ ನಮೂದಿನ ವಾಹನ ತೆರಿಗೆ ಮತ್ತು 59ನೇ ನಮೂದಿನ ಟೋಲ್.

ಹೀಗಿರುವಾಗ ಹೊಸ ತೆರಿಗೆಗಿಂತ ಮೊದಲು ಆಗಬೇಕಾದ್ದು, ಈಗಿರುವ ಇಂಧನ ಮಾರಾಟ ತೆರಿಗೆಯಲ್ಲಿ ಲೀಟರಿಗೆ ಇಂತಿಷ್ಟು ಎಂದು ಕಾಯ್ದೆಯ ಮೂಲಕ ತೆಗೆದು ನಿರ್ವಹಣೆಗೆ ಮಾತ್ರ ಎಂದು ಕಟ್ಟಿಹಾಕುವುದು. ಅದನ್ನು ಪಾಲಿಕೆ, ಜಿಲ್ಲಾ ಪಂಚಾಯಿತಿಗಳಿಗೆ ರಸ್ತೆಯ ಉದ್ದ ಮತ್ತು ಲಾರಿ ಓಡಾಟದ ಎಣಿಕೆಯ ಮೇಲೆ ಹಂಚುವುದು. ಹಣಕಾಸು ಇಲಾಖೆಗೆ ಇದು ಸೇರುವುದಿಲ್ಲ. ಕಟ್ಟಿಹಾಕಿದ ದುಡ್ಡನ್ನು ಬರಗಾಲದಲ್ಲಿ ಬೇರೆಡೆ ತಿರುಗಿಸಲಾಗದು ಎಂಬ ಅವರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಟ್ಟಿಹಾಕದೆ ಬಿಟ್ಟ ದುಡ್ಡು 3054ಕ್ಕೆ ಬಾರದಿರುವುದನ್ನೂ ಇಷ್ಟು ವರ್ಷ ನೋಡಿದ್ದಾಗಿದೆ.

ದಟ್ಟಣೆ ಶುಲ್ಕಕ್ಕೆ ಅನುಕರಿಸಬಹುದಾದ ಕ್ರಮ ಸ್ಟಾಕ್‌ಹೋಮ್‌ನದು. ಅಲ್ಲಿ ಮೊದಲು ಬಸ್ ಬಂತು: 2005ರ ಆಗಸ್ಟ್‌ನಲ್ಲಿ ಸುಮಾರು 200 ಹೊಸ ಬಸ್, ಹೊಸ ಮಾರ್ಗಗಳು. ಶುಲ್ಕ ಬಂದದ್ದು 2006ರ ಜನವರಿಯಲ್ಲಿ, ಅದೂ ಜುಲೈ ಕೊನೆಗೆ ಮುಗಿಯುವ ಪ್ರಯೋಗವಾಗಿ. ಗೆರೆ ದಾಟುವ ವಾಹನ ಐದರಲ್ಲಿ ಒಂದು ಪಾಲು ಇಳಿಯಿತು. ಜುಲೈಗೆ ಶುಲ್ಕ ನಿಲ್ಲಿಸಿದರು, ದಟ್ಟಣೆ ಮರಳಿತು, ಜನ ಅದನ್ನೂ ಕಂಡರು. ಮೊದಲು ಬೇಡವೆಂದಿದ್ದ ನಗರ ಸೆಪ್ಟೆಂಬರ್‌ನ ಜನಮತದಲ್ಲಿ ಕಡಿಮೆ ಅಂತರದಲ್ಲಿ ಬೇಕೆಂದಿತು. 2007ರ ಆಗಸ್ಟ್‌ನಿಂದ ಅದು ಕಾಯಂ. ಹೊರ ವರ್ತುಲ ರಸ್ತೆಗೆ ಆದೇಶ ಬಂದಾಗ ದರಕ್ಕಿಂತ ಮೊದಲು ಓದಬೇಕಾದ ಸಾಲುಗಳು ಇವು: ಶುರುವಾಗುವ ದಿನಕ್ಕೆ ಮುಂಚೆ ಎಷ್ಟು ಬಿಎಂಟಿಸಿ ಬಸ್ ಹೆಚ್ಚುತ್ತವೆ, ಹಣ ಯಾವ ಖಾತೆಗೆ, ಪಕ್ಕದ ಒಳರಸ್ತೆಗಳ ವಾಹನ ಎಣಿಕೆ ಪ್ರಕಟವಾಗುತ್ತದೆಯೇ, ಮತ್ತು ಪ್ರಯೋಗ ಮುಗಿಯುವ ತಾರೀಖು ಯಾವುದು.